ಸಿಖ್ ವ್ಯಾಪಾರಿಗೆ ಧರ್ಮದ ಪ್ರಶ್ನೆ ಎದುರಾಗುವುದು ಪೇಟದಲ್ಲೋ, ಸರಕಿನಲ್ಲೋ?

ಪ್ರಶ್ನೆ: ಬೆಂಗಳೂರು ಲೆಕ್ಕಿಗ

ನಾನು ಬೆಂಗಳೂರಿನಲ್ಲಿ ಲೆಕ್ಕಪರಿಶೋಧಕ. ನಮ್ಮ ಕಚೇರಿಯಲ್ಲಿ ಲೆಕ್ಕಪತ್ರ ಮಾಡಿಸಿಕೊಳ್ಳುವವರಲ್ಲಿ ವಾಹನಗಳ ಬಿಡಿಭಾಗಗಳ ಸಗಟು ವ್ಯಾಪಾರ ನಡೆಸುವ ಒಂದು ಸಿಖ್ ಕುಟುಂಬವಿದೆ. ಮನೆಯ ಹಿರಿಯರು ಅಮೃತಧಾರಿಗಳು, ಅಂದರೆ ದೀಕ್ಷೆ ಪಡೆದ ಸಿಖ್ಖರು. ಕೇಶ (ಕತ್ತರಿಸದ ಕೂದಲು), ಕಂಘಾ (ಬಾಚಣಿಗೆ), ಕಡಾ (ಉಕ್ಕಿನ ಬಳೆ), ಕಿರ್ಪಾಣ್ (ಕಿರುಗತ್ತಿ), ಕಛೇರಾ (ಒಳಚಡ್ಡಿ) ಎಂಬ ಐದು ಕಕಾರಗಳನ್ನು ತಪ್ಪದೆ ಪಾಲಿಸುವವರು. ಮಗ ಕೂದಲು ಕತ್ತರಿಸಿಕೊಂಡಿದ್ದಾನೆ, ಆದರೆ ಭಾನುವಾರ ಹಲಸೂರು ಕೆರೆಯ ಬಳಿಯ ಗುರುದ್ವಾರದಲ್ಲಿ ಲಂಗರ್, ಅಂದರೆ ಎಲ್ಲರಿಗೂ ಕೊಡುವ ಉಚಿತ ಊಟ, ಬಡಿಸುವುದನ್ನು ಮಾತ್ರ ಬಿಟ್ಟವನಲ್ಲ.

ಇವರ ಖಾತೆಯಲ್ಲಿ ‘ದಸ್ವಂಧ್’ ಎಂದೊಂದು ಪ್ರತ್ಯೇಕ ಶೀರ್ಷಿಕೆಯಿದೆ. ಆದಾಯದ ಹತ್ತನೆಯ ಒಂದು ಪಾಲನ್ನು ಧರ್ಮಕಾರ್ಯಕ್ಕೆ ಎತ್ತಿಡುವ ಪದ್ಧತಿ ಅದು ಎಂಬಷ್ಟು ನನಗೆ ಗೊತ್ತಿತ್ತು. ಆದರೆ ಆ ಹತ್ತನೆಯ ಪಾಲು ಯಾವುದರದ್ದು, ಒಟ್ಟು ವಹಿವಾಟಿನದ್ದೋ, ಲಾಭದ್ದೋ, ತೆರಿಗೆ ಕಟ್ಟಿದ ಮೇಲೆ ಉಳಿದದ್ದರದ್ದೋ ಎಂದು ಕೇಳಿದಾಗ ತಂದೆಯೂ ಮಗನೂ ನನ್ನೆದುರಿಗೇ ಬೇರೆ ಬೇರೆ ಉತ್ತರ ಕೊಟ್ಟರು.

ಈಗ ಇನ್ನೊಂದು ಸಂದರ್ಭ ಬಂದಿದೆ. ಅವರ ಹತ್ತಿರದ ಸಂಬಂಧಿಯೊಬ್ಬರು ಬಾರ್ ಸಹಿತ ರೆಸ್ಟೋರೆಂಟ್ ತೆರೆಯಲು ಪಾಲುದಾರಿಕೆ ಕೇಳಿದ್ದಾರೆ. ಹಿರಿಯರು ಪಾಲುದಾರಿಕೆಗೆ ಒಪ್ಪಲಿಲ್ಲ. ಹಾಗಾದರೆ ಖಾಲಿ ಇರುವ ನಿಮ್ಮ ಕಟ್ಟಡವನ್ನಾದರೂ ಬಾಡಿಗೆಗೆ ಕೊಡಿ ಎಂಬ ಬೇಡಿಕೆ ಬಂದಾಗ ಅವರು ಯೋಚನೆಗೆ ಬಿದ್ದಿದ್ದಾರೆ. ಮದ್ಯದ ಲಾಭ ಬೇಡ, ಸರಿ. ಮದ್ಯ ಮಾರುವವನಿಂದ ಬರುವ ಬಾಡಿಗೆ? ಸಿಖ್ಖರ ಧರ್ಮ ಮತ್ತು ವೃತ್ತಿಯ ತಾಕಲಾಟ ಎಂದರೆ ಪೇಟ, ಗಡ್ಡ, ವಿಮಾನ ನಿಲ್ದಾಣದಲ್ಲಿ ಕಿರ್ಪಾಣ್ ಎಂದಷ್ಟೇ ನಾನು ತಿಳಿದಿದ್ದೆ. ಪಂಜಾಬಿನಲ್ಲೋ ವಿದೇಶದಲ್ಲೋ ಸಿಖ್ ವ್ಯಾಪಾರಸ್ಥರನ್ನು ಹತ್ತಿರದಿಂದ ಬಲ್ಲವರು, ಅವರು ಇಂಥವನ್ನು ಹೇಗೆ ತೀರ್ಮಾನಿಸಿಕೊಳ್ಳುತ್ತಾರೆ ಎಂಬುದನ್ನು ದಯವಿಟ್ಟು ತಿಳಿಸಬೇಕು.

ಉತ್ತರ 1: ಲೂಧಿಯಾನದ ಕನ್ನಡಿಗ

ನಾನು ಬಹಳ ಕಾಲ ಲೂಧಿಯಾನದಲ್ಲಿ ಸೈಕಲ್ ಬಿಡಿಭಾಗಗಳ ಖರೀದಿ ವಿಭಾಗದಲ್ಲಿ ಇದ್ದವನು. ನಿಮ್ಮ ದಸ್ವಂಧ್ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದ ಪ್ರಶ್ನೆಗಳಿಗೂ ದಾರಿ ಅಲ್ಲೇ ಇದೆ.

ಗುರು ಅರ್ಜನರ ಕಾಲಕ್ಕಾಗಲೇ ದಸ್ವಂಧವನ್ನು ಊರೂರಿನಿಂದ ಸಂಗ್ರಹಿಸಿ ಗುರುಗಳಿಗೆ ಒಪ್ಪಿಸಲು ‘ಮಸಂದ’ರೆಂಬ ಪ್ರತಿನಿಧಿಗಳಿದ್ದರು. ಕಾಲಕ್ರಮೇಣ ಅವರಲ್ಲಿ ಹಲವರು ಹಣ ನುಂಗಲು, ಅಧಿಕಾರ ನಡೆಸಲು ತೊಡಗಿದ್ದರಿಂದ ಹತ್ತನೆಯ ಗುರು ಗೋಬಿಂದ್ ಸಿಂಗರು ಆ ವ್ಯವಸ್ಥೆಯನ್ನೇ ರದ್ದು ಮಾಡಿದರು. ಅಂದಿನಿಂದ ದಸ್ವಂಧಕ್ಕೆ ವಸೂಲಿಗಾರನೂ ಇಲ್ಲ, ಲೆಕ್ಕ ಕೇಳುವವನೂ ಇಲ್ಲ. ಯಾವುದರ ಹತ್ತನೆಯ ಪಾಲು ಎಂಬುದನ್ನು ಕೊಡುವವನೇ ನಿಶ್ಚಯಿಸಬೇಕು. ನಾನು ಕಂಡ ಕಾರ್ಖಾನೆಯವರಲ್ಲಿ ಹೆಚ್ಚಿನವರು ಮನೆಗೆ ತೆಗೆದುಕೊಂಡು ಹೋಗುವ ಹಣದ ಮೇಲೆ ಲೆಕ್ಕ ಹಾಕುತ್ತಿದ್ದರು; ನಷ್ಟದ ವರ್ಷದಲ್ಲಿ ಹಣದ ಬದಲು ಲಂಗರಿನಲ್ಲಿ ದುಡಿದು ತೀರಿಸುತ್ತೇವೆ ಎನ್ನುವವರೂ ಇದ್ದರು.

ಎರಡನೆಯದಾಗಿ, ಸಿಖ್ ಧರ್ಮದಲ್ಲಿ ವ್ಯಾಪಾರವನ್ನು ಸಂಶಯದಿಂದ ಕಾಣುವ ಪರಂಪರೆ ಇಲ್ಲ. ಹತ್ತೂ ಗುರುಗಳು ಖತ್ರಿ ಮನೆತನಗಳಲ್ಲಿ ಹುಟ್ಟಿದವರು. ಪಂಜಾಬಿನಲ್ಲಿ ಲೇವಾದೇವಿ, ಲೆಕ್ಕಪತ್ರ, ವ್ಯಾಪಾರಗಳೇ ಆ ಸಮುದಾಯದ ಕಸುಬಾಗಿದ್ದವು. ಗುರು ನಾನಕರು ಸುಲ್ತಾನಪುರ ಲೋಧಿಯಲ್ಲಿ ನವಾಬ ದೌಲತ್ ಖಾನನ ಮೋದಿಖಾನೆಯ, ಅಂದರೆ ಧಾನ್ಯದ ಉಗ್ರಾಣದ, ಮೇಲ್ವಿಚಾರಕರಾಗಿದ್ದರು. ಅವರು ಉಗ್ರಾಣವನ್ನು ಬಡವರಿಗೆ ಹಂಚಿ ಬರಿದು ಮಾಡುತ್ತಿದ್ದಾರೆಂದು ದೂರು ಹೋಗಿ, ತಪಾಸಣೆ ನಡೆದು, ಲೆಕ್ಕವೆಲ್ಲ ಸರಿಯಾಗಿಯೇ ಇತ್ತೆಂದು ನಾನಕರ ಜೀವನಕಥೆಗಳಾದ ಜನಮಸಾಖಿಗಳು ಹೇಳುತ್ತವೆ. ಲೆಕ್ಕಪರಿಶೋಧಕರಾದ ನಿಮಗೆ ಈ ಪ್ರಸಂಗ ಹಿಡಿಸಬಹುದು. ನಾಮ ಜಪಿಸು, ಪ್ರಾಮಾಣಿಕವಾಗಿ ದುಡಿ, ಹಂಚಿಕೊಂಡು ಉಣ್ಣು ಎಂಬ ಮೂರು ಮಾತುಗಳಲ್ಲಿ ನಡುವಿನದು, ಅಂದರೆ ‘ಕಿರತ್’, ಸಂಪಾದನೆಯ ಪ್ರಮಾಣವನ್ನು ಕೇಳುವುದೇ ಇಲ್ಲ, ಅದರ ಮೂಲವನ್ನು ಕೇಳುತ್ತದೆ. ಭಾಯಿ ಲಾಲೋ ಮತ್ತು ಮಲಿಕ್ ಭಾಗೋ ಕಥೆಯನ್ನು ಅಲ್ಲಿ ಮಕ್ಕಳಿಗೂ ಹೇಳುತ್ತಾರೆ: ಬಡಗಿ ಲಾಲೋವಿನ ಒಣರೊಟ್ಟಿಯನ್ನು ಹಿಂಡಿದಾಗ ಹಾಲು ಬಂತು, ಅಧಿಕಾರಿ ಭಾಗೋವಿನ ಮೃಷ್ಟಾನ್ನವನ್ನು ಹಿಂಡಿದಾಗ ರಕ್ತ ಬಂತು.

ಲೂಧಿಯಾನದ ವರ್ಕ್‌ಶಾಪುಗಳಲ್ಲಿ ಬಹುಪಾಲು ಕಟ್ಟಿದವರು ರಾಮಗಢಿಯಾ ಸಿಖ್ಖರು. ಪರಂಪರೆಯಿಂದ ಬಡಗಿಗಳು, ಕಮ್ಮಾರರು. ದೀಪಾವಳಿಯ ಮರುದಿನ ಮಿಲ್ಲರ್‌ಗಂಜ್, ಗಿಲ್ ರಸ್ತೆಗಳ ಕಡೆ ಹೋದರೆ ವಿಶ್ವಕರ್ಮ ದಿನವೆಂದು ಲೇಥುಗಳು ನಿಂತಿರುತ್ತವೆ, ಯಂತ್ರಗಳನ್ನು ಒರೆಸಿ ಹೂಮಾಲೆ ಹಾಕಿರುತ್ತಾರೆ. ಮೂರ್ತಿಪೂಜೆಯನ್ನು ಒಪ್ಪದ ಧರ್ಮದವರು ಹೀಗೆ ಮಾಡಬಹುದೇ ಎಂದು ನಾನು ಕೇಳಿದ್ದುಂಟು. ಅಲ್ಲಿನ ಫೋರ್‌ಮನ್ ಗ್ರೀಸ್ ಹತ್ತಿದ ಕೈಯನ್ನು ಹತ್ತಿಯ ಚಿಂದಿಗೆ ಒರೆಸಿಕೊಳ್ಳುತ್ತಾ, ಇದು ನಮ್ಮ ಕಸುಬಿನ ಮರ್ಯಾದೆ, ಅರ್ದಾಸ್, ಅಂದರೆ ಪ್ರಾರ್ಥನೆ, ಸಲ್ಲಿಸುವುದು ಮಾತ್ರ ನಮ್ಮ ಧರ್ಮಗ್ರಂಥವಾದ ಗುರು ಗ್ರಂಥ ಸಾಹಿಬ್‌ಗೆ ಎಂದು ಹೇಳಿ ಕೆಲಸಕ್ಕೆ ತಿರುಗಿದ. ಕಟ್ಟುನಿಟ್ಟಿನ ಸಿಖ್ಖರು ಈ ಸಮಜಾಯಿಷಿಯನ್ನು ಒಪ್ಪುವುದಿಲ್ಲ.

ಮುಂಜಾನೆ ಶಟರ್ ಎತ್ತುವ ಮೊದಲು ಅಮೃತಸರದ ಸ್ವರ್ಣಮಂದಿರವಾದ ಹರ್ಮಂದಿರ್ ಸಾಹಿಬ್‌ನ ಅಂದಿನ ಹುಕಮ್‌ನಾಮಾವನ್ನು, ಅಂದರೆ ಆ ದಿನ ಧರ್ಮಗ್ರಂಥದಿಂದ ಓದಿದ ವಾಣಿಯನ್ನು, ಮೊಬೈಲಿನಲ್ಲಿ ಓದಿಕೊಂಡು, ಆಮೇಲೆ ಕಬ್ಬಿಣದ ದರ ನೋಡುವ ಮಾಲೀಕರು ಎಷ್ಟೋ ಮಂದಿ. ಧರ್ಮಕ್ಕೊಂದು ಹೊತ್ತು, ವ್ಯಾಪಾರಕ್ಕೊಂದು ಹೊತ್ತು ಎಂದು ಅವರು ಭಾಗ ಮಾಡಿಕೊಂಡಿದ್ದನ್ನು ನಾನು ಕಾಣಲಿಲ್ಲ.

ಉತ್ತರ 2: ಬರ್ಮಿಂಗ್‌ಹ್ಯಾಮ್ ವಾಸಿ

ಮೇಲಿನವರು ಹೇಳಿದ್ದು ಪಂಜಾಬಿನ ಮಾತು. ಸಿಖ್ಖರೇ ಬಹುಸಂಖ್ಯಾತರಾಗಿರುವ ರಾಜ್ಯದಲ್ಲಿ ಗುರುತು ಅಷ್ಟಾಗಿ ಸಮಸ್ಯೆಯಾಗುವುದಿಲ್ಲ. ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಪ್ರದೇಶದಲ್ಲಿ ಕಥೆ ಬೇರೆ.

1950ರ ದಶಕದಲ್ಲಿ ಇಲ್ಲಿನ ಎರಕದ ಕಾರ್ಖಾನೆಗಳಿಗೆ ಬಂದ ಅನೇಕ ಸಿಖ್ಖರು ಕೆಲಸ ಸಿಗಲೆಂದೇ ಪೇಟ ತೆಗೆದು ಕೂದಲು ಕತ್ತರಿಸಿಕೊಂಡರು. 1967ರಲ್ಲಿ ವುಲ್ವರ್‌ಹ್ಯಾಂಪ್ಟನ್‌ನಲ್ಲಿ ತರ್ಸೇಮ್ ಸಿಂಗ್ ಸಂಧು ಎಂಬ ಬಸ್ ಚಾಲಕರು ಗಡ್ಡ ಬಿಟ್ಟು ಪೇಟ ಧರಿಸಿ ಕೆಲಸಕ್ಕೆ ಬಂದಾಗ ಸಾರಿಗೆ ಇಲಾಖೆ ಅವರನ್ನು ಮನೆಗೆ ಕಳುಹಿಸಿತು. ಎರಡು ವರ್ಷಗಳ ಹೋರಾಟದ ನಂತರ, ಸಿಖ್ ನಾಯಕರೊಬ್ಬರು ಆತ್ಮಾಹುತಿಯ ಎಚ್ಚರಿಕೆ ಕೊಟ್ಟ ಮೇಲೆ, 1969ರಲ್ಲಿ ನಿಷೇಧ ತೆರವಾಯಿತು. ಅಲ್ಲಿಂದ ಕಾನೂನು ಒಂದೊಂದೇ ಹೆಜ್ಜೆ ಮುಂದೆ ಬಂತು. 1976ರಲ್ಲಿ ಪೇಟ ಧರಿಸಿದ ಸಿಖ್ಖರಿಗೆ ಮೋಟಾರ್ ಸೈಕಲ್ ಹೆಲ್ಮೆಟ್‌ನಿಂದ ವಿನಾಯಿತಿ, 1983ರಲ್ಲಿ, ಪೇಟ ಧರಿಸಿದ ಹುಡುಗನನ್ನು ಶಾಲೆಗೆ ಸೇರಿಸಿಕೊಳ್ಳದ ಮಂಡ್ಲಾ ಪ್ರಕರಣದಲ್ಲಿ, ಸಿಖ್ಖರಿಗೆ ಜನಾಂಗೀಯ ತಾರತಮ್ಯ ವಿರೋಧಿ ಕಾನೂನಿನ ರಕ್ಷಣೆ ಇದೆಯೆಂಬ ಹೌಸ್ ಆಫ್ ಲಾರ್ಡ್ಸ್ ತೀರ್ಪು, 1989ರಲ್ಲಿ ಕಟ್ಟಡ ನಿರ್ಮಾಣದ ಸ್ಥಳಗಳಲ್ಲಿ ಹೆಲ್ಮೆಟ್ ವಿನಾಯಿತಿ, 2015ರಲ್ಲಿ ಅದು ಬಹುತೇಕ ಎಲ್ಲ ಕೆಲಸದ ಸ್ಥಳಗಳಿಗೂ ವಿಸ್ತರಣೆ.

ಈ ಪಟ್ಟಿಯಲ್ಲಿ ಹೆಚ್ಚಿನದು ಯಾರಿಗಾಗಿ ಎಂಬುದನ್ನು ಗಮನಿಸಿ. ಚಾಲಕ, ಕೂಲಿ, ನೌಕರ, ವಿದ್ಯಾರ್ಥಿ. ಮಾಲೀಕನಿಗಾಗಿ ಇದರಲ್ಲಿ ಏನೂ ಇಲ್ಲ, ಏಕೆಂದರೆ ಮಾಲೀಕನ ಪೇಟವನ್ನು ತೆಗೆಸುವವರು ಯಾರೂ ಇಲ್ಲ. ನನ್ನ ಪರಿಚಯದ ಹಿರಿಯರು ಸ್ವಂತ ಅಂಗಡಿಗೆ ಇಳಿದದ್ದಕ್ಕೆ ದುಡ್ಡಿನಷ್ಟೇ ಬಲವಾದ ಇನ್ನೊಂದು ಕಾರಣವನ್ನೂ ಹೇಳುತ್ತಾರೆ: ತಮ್ಮ ಗಲ್ಲಾಪೆಟ್ಟಿಗೆಯ ಹಿಂದೆ ಪೇಟ ಕಟ್ಟಿಕೊಂಡು ನಿಂತರೆ ಕೇಳುವವರಿಲ್ಲ. ಅಂದರೆ ಇಲ್ಲಿ ವ್ಯಾಪಾರವು ಧರ್ಮಕ್ಕೆ ಅಡ್ಡಿಯಾಗಿ ಬರಲಿಲ್ಲ, ಧರ್ಮವನ್ನು ಉಳಿಸಿಕೊಳ್ಳುವ ಉಪಾಯವಾಗಿ ಬಂತು.

ತೊಡಕು ಶುರುವಾದದ್ದು ಆಮೇಲೆ. ಇಲ್ಲಿನ ಕಾರ್ನರ್ ಶಾಪ್‌ಗಳು ಹಾಲು, ಬ್ರೆಡ್, ಪತ್ರಿಕೆಗಳಿಂದಲೇ ಬದುಕುವುದಿಲ್ಲ. ಸಿಗರೇಟು, ಬಿಯರ್, ಲಾಟರಿ ಚೀಟಿಗಳಿಗೆ ಬರುವ ಗಿರಾಕಿಯೇ ಉಳಿದ ಸಾಮಾನನ್ನೂ ಕೊಳ್ಳುವುದು. ತಂಬಾಕು ಸೇವನೆ ಅಮೃತಧಾರಿಗೆ ನಾಲ್ಕು ‘ಕುರಹಿತ್’ಗಳಲ್ಲಿ ಒಂದು, ಅಂದರೆ ದೀಕ್ಷೆ ಪಡೆದವರ ಸಮುದಾಯವಾದ ಖಾಲ್ಸಾದಿಂದಲೇ ಹೊರಗಾಗುವಷ್ಟು ಗಂಭೀರ ಲೋಪ. ಆದರೆ ಕುರಹಿತ್‌ಗಳ ಪಟ್ಟಿ ಹೇಳುವುದು ಬಳಕೆಯ ಮಾತನ್ನು. ಮಾರಾಟದ ವಿಷಯ ವ್ಯಾಖ್ಯಾನಕ್ಕೆ ಬಿಟ್ಟದ್ದು. ನಾನು ವಾಸಿಸುವ ಬೀದಿಯ ಅಂಗಡಿಯ ಸರ್ದಾರ್‌ಜಿ ಸಿಗರೇಟಿನ ಕಪಾಟನ್ನು ತಾವಾಗಿ ತೆರೆದದ್ದನ್ನು ನಾನು ನೋಡಿಲ್ಲ. ಗಿರಾಕಿ ಕೇಳಿದರೆ ಹಿಂದಿನ ಕೋಣೆಯಿಂದ ಕೆಲಸದ ಹುಡುಗನನ್ನು ಕರೆಯುತ್ತಾರೆ. 2015ರಿಂದ ಇಂಗ್ಲೆಂಡಿನ ಸಣ್ಣ ಅಂಗಡಿಗಳೂ ತಂಬಾಕನ್ನು ಕಣ್ಣಿಗೆ ಕಾಣದಂತೆ ಮುಚ್ಚಿಡಬೇಕೆಂಬ ಕಾನೂನು ಬಂದಾಗ ಅವರಿಗೆ ಸಮಾಧಾನವಾಯಿತಂತೆ. ದಿನವಿಡೀ ಬೆನ್ನ ಹಿಂದೆ ಅದನ್ನು ಇಟ್ಟುಕೊಂಡು ನಿಲ್ಲುವುದು ತಪ್ಪಿತು ಎಂದರು. ಅಕ್ಕಿಯ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ ಎಂದು ಅವರ ಮಗಳೇ ನಗುತ್ತಾಳೆ, ಪಂಜಾಬಿಯಲ್ಲಿ ಅದಕ್ಕಿರುವ ಮಾತಿನಲ್ಲಿ. ನಗು ನ್ಯಾಯವಾದದ್ದೇ ಆದರೂ ಅವರನ್ನು ಕಪಟಿ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಅಂಗಡಿಯ ಸಾಲ ಆ ಕಪಾಟಿನ ಮೇಲೆ ನಿಂತಿದೆ.

ಇದಕ್ಕೆ ತದ್ವಿರುದ್ಧವಾಗಿ, ಸ್ಮೆದಿಕ್, ವೆಸ್ಟ್ ಬ್ರಾಮಿಚ್‌ಗಳಲ್ಲಿ ಪಂಜಾಬಿಗಳೇ ನಡೆಸುವ ‘ದೇಸಿ ಪಬ್’ಗಳು ಹೆಸರುವಾಸಿ. ಒಂದು ಕಾಲದಲ್ಲಿ ವರ್ಣಭೇದದಿಂದ ತಮ್ಮನ್ನು ಒಳಗೆ ಬಿಡದಿದ್ದ ಪಬ್‌ಗಳಿದ್ದ ಊರಿನಲ್ಲೇ ಅವರು ಮಾಲೀಕರಾದರು. ಅವರಲ್ಲಿ ಎಷ್ಟೋ ಮಂದಿಗೆ ಅದು ಹೆಮ್ಮೆಯ ವಿಷಯ. ಅಮೃತಧಾರಿಗಳಾದ ಅವರ ಬಂಧುಗಳಿಗೆ ಮುಜುಗರದ ವಿಷಯ. ಎರಡೂ ಒಂದೇ ಮನೆಯಲ್ಲಿ ಇರುತ್ತವೆ.

ಉತ್ತರ 3: ಧಾರವಾಡದ ಓದುಗ

ಈ ಚರ್ಚೆಯನ್ನು ಓದುವ ಕನ್ನಡಿಗರಿಗೆ ಕಾಯಕ, ದಾಸೋಹಗಳು ನೆನಪಾಗದೆ ಇರವು. ದುಡಿದು ತಿನ್ನು, ಹಂಚಿ ತಿನ್ನು ಎಂಬ ಮಾತನ್ನು ನಾವು ಹನ್ನೆರಡನೆಯ ಶತಮಾನದಿಂದ ಕೇಳಿಕೊಂಡು ಬಂದವರು. ಮಾರಯ್ಯ ಅಂದಂದಿಗೆ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದ ಆಯ್ದಕ್ಕಿ ಲಕ್ಕಮ್ಮನ ಕಥೆ ಭಾಯಿ ಲಾಲೋವಿನ ಕಥೆಯ ಪಕ್ಕದಲ್ಲಿ ನಿಲ್ಲುವಂಥದ್ದು.

ಆದರೆ ಸಾಮ್ಯವನ್ನು ಎಳೆದಾಡಬಾರದು. ಲಕ್ಕಮ್ಮ ಅಗತ್ಯಕ್ಕಿಂತ ಹೆಚ್ಚಿನ ಸಂಗ್ರಹವನ್ನೇ ಬೇಡವೆಂದಳು. ದಸ್ವಂಧ್ ಹತ್ತರಲ್ಲಿ ಒಂಬತ್ತು ಪಾಲನ್ನು ವ್ಯಾಪಾರಿಗೇ ಬಿಡುತ್ತದೆ, ಬಂಡವಾಳ ಬೆಳೆಯಲು ಅವಕಾಶ ಕೊಡುತ್ತದೆ. 1908ರಲ್ಲಿ ಅಮೃತಸರದಲ್ಲಿ ಪಂಜಾಬ್ ಆಂಡ್ ಸಿಂಧ್ ಬ್ಯಾಂಕನ್ನು ಸ್ಥಾಪಿಸಿದವರಲ್ಲಿ ಭಾಯಿ ವೀರ್ ಸಿಂಗ್ ಒಬ್ಬರು. ಸಿಂಗ್ ಸಭಾ ಸುಧಾರಣಾ ಚಳವಳಿಯ ಮುಂಚೂಣಿಯ ಬರಹಗಾರರು, ಧಾರ್ಮಿಕ ಚಿಂತಕರು. ಸಮುದಾಯದ ಏಳಿಗೆಗೆ ಬ್ಯಾಂಕು ತೆರೆಯುವುದರಲ್ಲಿ ಅವರಿಗೆ ಯಾವ ವಿರೋಧಾಭಾಸವೂ ಕಾಣಲಿಲ್ಲ. ಇನ್ನೊಂದು ವ್ಯತ್ಯಾಸ: ಇಷ್ಟಲಿಂಗ ಅಂಗಿಯೊಳಗೆ ಇರಬಲ್ಲದು, ಪೇಟ ಹಾಗಲ್ಲ. ನಮ್ಮ ಪೈಕಿ ಬಾರ್ ನಡೆಸುವವರನ್ನು ನೋಡಿ ಯಾರೂ ಧರ್ಮದ ಪ್ರಶ್ನೆ ಎತ್ತುವುದಿಲ್ಲ. ಸಿಖ್ ವ್ಯಾಪಾರಿ ಅದೇ ಕೆಲಸ ಮಾಡಿದರೆ ಇಡೀ ಪಂಥಕ್ಕೆ ಹೆಸರು ಕೆಡುತ್ತದೆ ಎಂಬ ಮಾತು ಅವನ ಮನೆಯಿಂದಲೇ ಬರುತ್ತದೆ. ಎಲ್ಲರಿಗೂ ಕೇಳಬೇಕಾದ ಪ್ರಶ್ನೆಯನ್ನು ಗುರುತು ಕಾಣುವವನಿಗೆ ಮಾತ್ರ ಕೇಳುತ್ತಿದ್ದೇವೆಯೋ ಎಂಬ ಅನುಮಾನ ನನಗಿದೆ.

ಉತ್ತರ 4: ಬೀದರ್ ಮೂಲದವನು, ಈಗ ಕ್ಯಾಲಿಫೋರ್ನಿಯಾ

ಧಾರವಾಡದವರ ಕೊನೆಯ ಮಾತಿಗೆ ನನ್ನದೊಂದು ಸೇರ್ಪಡೆ. ಬೀದರ್‌ನವನಾದ ನನಗೆ ಸಿಖ್ಖರು ಹೊರಗಿನವರಲ್ಲ. 1699ರಲ್ಲಿ ಆನಂದಪುರದಲ್ಲಿ ಮೊದಲು ಅಮೃತ ಪಡೆದ ಪಂಚಪ್ಯಾರೆಯರಲ್ಲಿ ಭಾಯಿ ಸಾಹಿಬ್ ಸಿಂಗ್ ನಮ್ಮ ಊರಿನವರೆಂದೇ ಪ್ರತೀತಿ. ನಮ್ಮೂರ ಗುರುದ್ವಾರದ ಚಿಲುಮೆಯಾದ ನಾನಕ್ ಝೀರಾದ ನೀರು ಕುಡಿದು ಬೆಳೆದವರು ನಾವು. ಅದೇ ಊರಿನಲ್ಲಿ 1988ರ ಸೆಪ್ಟೆಂಬರ್‌ನಲ್ಲಿ ಸಿಖ್ ವಿದ್ಯಾರ್ಥಿಗಳ ಮೇಲೆ ದಾಳಿ ನಡೆದು ಹಲವರ ಕೊಲೆಯಾಯಿತು. ಅದಕ್ಕೂ ಮೊದಲು, 1984ರಲ್ಲಿ ದೆಹಲಿಯಲ್ಲಿ ಸಿಖ್ ವಿರೋಧಿ ಹಿಂಸೆಗೆ ಅಧಿಕೃತ ಲೆಕ್ಕದಂತೆಯೇ 2,733 ಮಂದಿ ಸತ್ತರು. ಅಂಗಡಿಗಳು, ಲಾರಿಗಳು, ಟ್ಯಾಕ್ಸಿಗಳು ಬೂದಿಯಾದವು. ಆ ದಿನಗಳಲ್ಲಿ ಜೀವ ಉಳಿಸಿಕೊಳ್ಳಲು ಕೂದಲು ಕತ್ತರಿಸಿಕೊಂಡವರಿದ್ದರು.

ಅಮೆರಿಕದಲ್ಲಿ ಅವಳಿ ಗೋಪುರಗಳ ಮೇಲೆ ದಾಳಿಯಾದ ನಾಲ್ಕು ದಿನಗಳ ನಂತರ, 2001ರ ಸೆಪ್ಟೆಂಬರ್ 15ರಂದು, ಅರಿಝೋನಾದ ಮೇಸಾದಲ್ಲಿ ಬಲ್ಬೀರ್ ಸಿಂಗ್ ಸೋಧಿ ತಮ್ಮದೇ ಪೆಟ್ರೋಲ್ ಬಂಕಿನ ಮುಂದೆ ಗುಂಡೇಟಿಗೆ ಬಲಿಯಾದರು; ಕೊಂದವನಿಗೆ ಪೇಟ ಕಂಡಿತ್ತು, ಅಷ್ಟೇ. ಮಾಲೀಕನ ಪೇಟವನ್ನು ತೆಗೆಸುವವರಿಲ್ಲ ಎಂಬ ಬರ್ಮಿಂಗ್‌ಹ್ಯಾಮ್‌ನವರ ಮಾತು ಕಾನೂನಿನ ಮಟ್ಟಿಗೆ ನಿಜ, ಬೀದಿಯ ಮಟ್ಟಿಗೆ ಪೂರ್ತಿ ನಿಜವಲ್ಲ.

ಸ್ವಂತ ವ್ಯಾಪಾರ ಧರ್ಮವನ್ನು ಉಳಿಸಿಕೊಳ್ಳುವ ಉಪಾಯ ಎಂಬ ಅವರ ಇನ್ನೊಂದು ಮಾತನ್ನು ಇಲ್ಲಿನ ಅನುಭವವೂ ಸಮರ್ಥಿಸುತ್ತದೆ. ಕ್ಯಾಲಿಫೋರ್ನಿಯಾದ ಲಾರಿ ಉದ್ಯಮದಲ್ಲಿ ಸಿಖ್ಖರು ಬಹಳ. ಮಾದಕವಸ್ತು ಪರೀಕ್ಷೆಗೆ ಕೂದಲಿನ ಮಾದರಿಯನ್ನೇ ಕೊಡಬೇಕೆಂದು ದೊಡ್ಡ ಕಂಪನಿಯೊಂದು ಹಠ ಹಿಡಿದಾಗ ಕೇಶ ಕತ್ತರಿಸಲೊಪ್ಪದ ಸಿಖ್ ಚಾಲಕರಿಗೆ ಕೆಲಸ ಸಿಗಲಿಲ್ಲ. ಉದ್ಯೋಗ ಸಮಾನತಾ ಆಯೋಗದ ಮಧ್ಯಸ್ಥಿಕೆಯಿಂದ 2016ರಲ್ಲಿ ಪರಿಹಾರ ಸಿಕ್ಕಿತು. ನನಗೆ ಗೊತ್ತಿರುವ ಚಾಲಕರು ಇಂಥ ಜಗಳಕ್ಕೆ ಕಾಯದೆ ಸಾಲ ಮಾಡಿ ಸ್ವಂತ ಲಾರಿ ಕೊಂಡರು. ಈಗ ಅವರ ಮುಂದಿರುವ ಪ್ರಶ್ನೆ ಬೇರೆ: ಬಿಯರ್, ಸಿಗರೇಟಿನ ಲೋಡ್ ಸಿಕ್ಕರೆ ಒಪ್ಪಬೇಕೋ ಬೇಡವೋ. ಕೆಲವರು ಒಪ್ಪುವುದಿಲ್ಲ, ಖಾಲಿ ಲಾರಿ ಓಡಿಸಿಕೊಂಡು ಬಂದರೂ ಸರಿ. ಹೆಚ್ಚಿನವರು ಮುಚ್ಚಿದ ಟ್ರೇಲರಿನೊಳಗೆ ಏನಿದ್ದರೆ ನಮಗೇನು ಎನ್ನುತ್ತಾರೆ.

ಪ್ರಶ್ನೆ ಕೇಳಿದವರ ಮರುಮಾತು: ಬೆಂಗಳೂರು ಲೆಕ್ಕಿಗ

ಎಲ್ಲರಿಗೂ ಕೃತಜ್ಞತೆಗಳು. ಬರ್ಮಿಂಗ್‌ಹ್ಯಾಮ್‌ನವರು ಮತ್ತು ಲೂಧಿಯಾನದವರು ಬೇರೆ ಬೇರೆ ದಾರಿಯಿಂದ ಒಂದೇ ಕಡೆಗೆ ಬಂದಿದ್ದಾರೆ ಎಂದು ನನಗನ್ನಿಸಿತು: ನೌಕರನಾದ ಸಿಖ್ಖನಿಗೆ ವಿನಾಯಿತಿ ಕೇಳಲು ಒಬ್ಬ ಯಜಮಾನನೋ ನ್ಯಾಯಾಲಯವೋ ಇದೆ, ಮಾಲೀಕನಾದವನು ಯಾರನ್ನು ಕೇಳಬೇಕು? ನಮ್ಮ ಸಂವಿಧಾನದ 25ನೆಯ ವಿಧಿಯ ವಿವರಣೆ ಕಿರ್ಪಾಣ್ ಧರಿಸುವುದನ್ನು ಸಿಖ್ ಧರ್ಮಾಚರಣೆಯ ಭಾಗವೆಂದೇ ಹೇಳುತ್ತದೆ, ಆದರೆ ಬಾಡಿಗೆ ಕರಾರಿನ ಬಗ್ಗೆ ಯಾವ ವಿಧಿಯೂ ಮಾತನಾಡದು. ಆ ಹಿರಿಯರು ಗುರುದ್ವಾರದಲ್ಲಿ ಧರ್ಮಗ್ರಂಥ ಓದುವ ಗ್ರಂಥಿಗಳನ್ನು ಕೇಳಿ ತೀರ್ಮಾನ ಪಡೆಯಬಹುದೇ?

ಉತ್ತರ 5: ಲೂಧಿಯಾನದ ಕನ್ನಡಿಗ

ಕೇಳಬಹುದು, ಆದರೆ ಗ್ರಂಥಿ ಎಂದರೆ ಅಪ್ಪಣೆ ಕೊಡುವ ಪುರೋಹಿತನಲ್ಲ. ಸಿಖ್ಖರಲ್ಲಿ ಅಂಥ ಪುರೋಹಿತವರ್ಗವೇ ಇಲ್ಲ. ಅಮೃತಧಾರಿಯಿಂದ ಲೋಪವಾದರೆ ಪಂಚಪ್ಯಾರೆಯರ ಸ್ಥಾನದಲ್ಲಿ ಕೂರುವ ಐವರು ಅಮೃತಧಾರಿಗಳ ಮುಂದೆ ಒಪ್ಪಿಕೊಂಡು, ಅವರು ವಿಧಿಸಿದ ಸೇವೆಯನ್ನು ಮಾಡಿ ಮುಗಿಸುವ ಕ್ರಮವಿದೆ. ಅದು ನಡೆದುಹೋದ ತಪ್ಪಿಗೆ. ಮುಂದಿನ ವ್ಯಾಪಾರಕ್ಕೆ ಪರವಾನಗಿ ಕೊಡುವ ಕ್ರಮವಲ್ಲ. ಲೂಧಿಯಾನದಲ್ಲಿ ಇಂಥದೇ ಸಂದರ್ಭದಲ್ಲಿ ಒಬ್ಬ ಮಾಲೀಕರು ಕಟ್ಟಡವನ್ನು ಕೊಟ್ಟರು, ಆದರೆ ಆವರಣದಲ್ಲಿ ಮದ್ಯ, ತಂಬಾಕು ಮಾರುವಂತಿಲ್ಲ ಎಂಬ ಷರತ್ತನ್ನು ಕರಾರಿನಲ್ಲೇ ಬರೆಸಿದರು, ಬಾಡಿಗೆಯನ್ನೂ ಅದಕ್ಕೆ ತಕ್ಕಂತೆ ಇಳಿಸಿದರು. ಬಾಡಿಗೆದಾರನಾಗಿದ್ದ ನೆಂಟ ಸ್ವಲ್ಪ ಕಾಲ ಮುನಿಸಿಕೊಂಡಿದ್ದ. ನಿಮ್ಮ ಹಿರಿಯರಿಗೂ ಈ ದಾರಿಯನ್ನು ತಿಳಿಸಿ ನೋಡಿ. ಕರಾರು ಬರೆಯುವ ಮೊದಲು ಮಗನನ್ನೂ ಕೂರಿಸಿಕೊಂಡು ಮಾತನಾಡುವುದು ಒಳ್ಳೆಯದು, ಏಕೆಂದರೆ ಕಟ್ಟಡ ನಾಳೆ ಅವನದು.

ದಸ್ವಂಧ್ ಬಗ್ಗೆ ನಿಮಗೆ ಗೊತ್ತಿರುವುದನ್ನೇ ನೆನಪಿಸುತ್ತೇನೆ: ಅವರು ಲಂಗರಿಗೆಂದು ಕೊಡುವ ಗೋಧಿಹಿಟ್ಟು, ಬೇಳೆ, ತುಪ್ಪಕ್ಕೆ 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ಕಲಮಿನಡಿ ತೆರಿಗೆ ವಿನಾಯಿತಿ ಇರಲಿಲ್ಲ, ಎರಡು ಸಾವಿರ ರೂಪಾಯಿ ಮೀರಿದ ನಗದು ಕೊಡುಗೆಗೂ ಇರಲಿಲ್ಲ. ಇದನ್ನು ಹೇಳಿದಾಗ ನಾನು ಕಂಡ ಹಿರಿಯರಲ್ಲಿ ಹೆಚ್ಚಿನವರು ವಿನಾಯಿತಿಯೇ ಬೇಡ, ತೆರಿಗೆ ಉಳಿಸಿಕೊಂಡರೆ ಅದು ಪೂರ್ತಿ ಹತ್ತನೆಯ ಪಾಲು ಹೇಗಾದೀತು ಎಂದು ಕೇಳಿದ್ದರು. ನಿಮ್ಮವರನ್ನೂ ಮೊದಲು ಅದನ್ನೇ ಕೇಳಿ, ಆಮೇಲೆ ಆ ಶೀರ್ಷಿಕೆಯನ್ನು ಸಂಸ್ಥೆಯ ಖಾತೆಯಿಂದ ತೆಗೆದು ಅವರ ವೈಯಕ್ತಿಕ ಖಾತೆಗೆ ವರ್ಗಾಯಿಸುವುದೋ ಬೇಡವೋ ಎಂದು ನೋಡಿ.